ಮೂಕ ಅಕ್ಷರಗಳು

ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಗೆ ಮೊದಲು ಎದುರಾಗುವ ತೊಡಕು ಅದರ ಕಾಗುಣಿತ. ಕುದುರೆಯೇರಿದ ವೀರನನ್ನು ಸೂಚಿಸುವ ‘ನೈಟ್’ ಎಂಬ ಪದವನ್ನೇ ನೋಡಿರಿ. ಕಾಗದದ ಮೇಲೆ ಅದು ಕೆ, ಎನ್, ಐ, ಜಿ, ಎಚ್, ಟಿ ಎಂದು ಆರು ಅಕ್ಷರಗಳಾಗಿ ನಿಲ್ಲುತ್ತದೆ. ಅವುಗಳಲ್ಲಿ ಮೂರು ಬಾಯಿ ತೆರೆಯುವುದೇ ಇಲ್ಲ. ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡ ಹುಡುಗನು ಇದನ್ನು ಹುಚ್ಚು ಪದ್ಧತಿಯೆಂದು ಬೈದರೆ ಆಶ್ಚರ್ಯವಿಲ್ಲ. ಆದರೆ ಈ ಮೂಕ ಅಕ್ಷರಗಳೂ ಒಂದು ಕಾಲದಲ್ಲಿ ಮಾತನಾಡುತ್ತಿದ್ದವು.

ಸಾವಿರ ವರ್ಷಗಳ ಹಿಂದೆ ಆಂಗ್ಲರು ಈ ಪದವನ್ನು ಸುಮಾರಾಗಿ ‘ಕ್ನಿಹ್ಟ್’ ಎಂದು ಉಚ್ಚರಿಸುತ್ತಿದ್ದರು. ಹುಡುಗ, ಸೇವಕ ಎಂಬುದಷ್ಟೇ ಆಗ ಅದರ ಅರ್ಥ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಎಂಬಾತನು ಇಂಗ್ಲೆಂಡಿನ ಮೊದಲ ಮುದ್ರಣಾಲಯವನ್ನು ಸ್ಥಾಪಿಸಿದನು. ಮುದ್ರಣವು ಕಾಗುಣಿತವನ್ನು ಮೆಲ್ಲಮೆಲ್ಲನೆ ಕಟ್ಟಿಹಾಕಿತು. ಉಚ್ಚಾರಣೆ ಮಾತ್ರ ಹೊಳೆಯಂತೆ ಹರಿಯುತ್ತಲೇ ಹೋಯಿತು. ಇದು ಸಾಲದೆಂಬಂತೆ, ಪಂಡಿತರೂ ಕೈಹಾಕಿದರು. ಸಾಲವೆಂಬ ಅರ್ಥದ ‘ಡೆಟ್’ ಫ್ರೆಂಚಿನಿಂದ ಬಂದಾಗ ಅದರಲ್ಲಿ ‘ಬಿ’ ಇರಲಿಲ್ಲ. ಮೂಲದ ಲ್ಯಾಟಿನ್ ಪದದಲ್ಲಿದೆಯೆಂದು ವಿದ್ವಾಂಸರು ಅದನ್ನು ತಂದು ಸೇರಿಸಿದರು. ಯಾರೂ ಉಚ್ಚರಿಸದ ಆ ‘ಬಿ’ಯನ್ನು ಮಕ್ಕಳು ಇಂದಿಗೂ ಹೊರುತ್ತಿದ್ದಾರೆ!

ನಮ್ಮ ನುಡಿಯು ಬೇರೆ ದಾರಿ ಹಿಡಿಯಿತು. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹಲಸಿ ಎಂಬ ಊರಿದೆ. ಕದಂಬರ ತಾಮ್ರಶಾಸನಗಳಲ್ಲಿ ಇದರ ಹೆಸರು ಪಲಾಶಿಕಾ. ಹಳಗನ್ನಡದ ‘ಪಾಲು’ ಹಾಲಾದಂತೆ, ‘ಪೂ’ ಹೂವಾದಂತೆ, ಪಲಾಶಿಕೆಯ ಪಕಾರವೂ ಹಕಾರವಾಯಿತು. ನಾಲಗೆ ಬದಲಾದೊಡನೆ ಕನ್ನಡಿಗರು ಬರಹವನ್ನೂ ಬದಲಿಸಿದರು. ಬಾಯಿಂದ ಮರೆಯಾದ ‘ೞ’, ‘ಱ’ ಎಂಬ ಅಕ್ಷರಗಳನ್ನು ವರ್ಣಮಾಲೆಯಿಂದಲೇ ಬಿಟ್ಟುಕೊಟ್ಟರು. ಇಂಗ್ಲಿಷರ ಕೈಗೆ ಸಿಕ್ಕಿದ್ದರೆ ಹಲಸಿಯನ್ನು ನಾವು ಇಂದಿಗೂ ‘ಪ’ದಿಂದಲೇ ಬರೆಯುತ್ತಿದ್ದೆವೇನೋ. ನಮ್ಮ ಪದ್ಧತಿ ಕಲಿಯುವವನಿಗೆ ಸುಲಭ, ನಿಜ. ಆದರೆ ಪದದ ಹಳೆಯ ಗುರುತು ಅಳಿಸಿಹೋಗುತ್ತದೆ. ಅದನ್ನು ಹುಡುಕಲು ಶಾಸನಗಳ ಬಳಿಗೇ ಹೋಗಬೇಕು.

ನಮ್ಮ ಸೀಮೆಯ ಪದಗಳೂ ಇಂಗ್ಲಿಷಿನ ಕಾಗುಣಿತದೊಳಗೆ ಸೇರಿಕೊಂಡಿವೆ. ಖಾನಾಪುರದ ಕಾಡಿನಲ್ಲಿ ಬೆಳೆಯುವ ತೇಗವು ಇಂಗ್ಲಿಷಿನಲ್ಲಿ ‘ಟೀಕ್’. ಮಲಯಾಳದ ‘ತೇಕ್ಕ್’ ಪೋರ್ಚುಗೀಸರ ಬಾಯಲ್ಲಿ ‘ತೇಕಾ’ ಆಗಿ ಅಲ್ಲಿಗೆ ಹೋಯಿತು. ನಮ್ಮ ‘ತೇಗ’ ಅದರ ಒಡಹುಟ್ಟು. ಅದರ ನಡುವೆ ಇರುವ ಇ, ಎ ಎಂಬ ಜೋಡಿಯು 17ನೆಯ ಶತಮಾನದಲ್ಲಿ ಹಲವರ ನಾಲಗೆಯ ಮೇಲೆ ‘ಏ’ ಎಂದೇ ಇತ್ತು. ‘ಗ್ರೇಟ್’, ‘ಬ್ರೇಕ್’ ಪದಗಳಲ್ಲಿ ಇಂದಿಗೂ ಹಾಗೆಯೇ ಇದೆ.

ಬಿದಿರಿನ ಕಥೆ ಇನ್ನೂ ಸ್ವಾರಸ್ಯಕರ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾನ ಗ್ರಂಥದಲ್ಲಿ ‘ಮಂಬು’ ಎಂಬ ಪದವಿದೆ. ಇಂಗ್ಲಿಷಿನ ‘ಬ್ಯಾಂಬೂ’ವಿನ ಮೂಲ ಮಲಯ ಭಾಷೆಯೆಂದು ಕೆಲವರು, ಕನ್ನಡವೆಂದು ಕೆಲವರು ವಾದಿಸುತ್ತಾರೆ. ನಮ್ಮ ‘ಬೊಂಬು’ ಪದವನ್ನು ಬಲ್ಲವರಿಗೆ ಎರಡನೆಯ ವಾದವು ಹಿತವೆನಿಸುವುದು ಸಹಜ, ಹಿತವಾದದ್ದೆಲ್ಲ ಸಿದ್ಧವಾದಂತಲ್ಲ.

ಬಿದಿರಿನ ಊರೇ ಬೆಳಗಾವಿ. ರಟ್ಟರ ಕಾಲದ ಶಾಸನಗಳು ಅದನ್ನು ವೇಣುಗ್ರಾಮವೆನ್ನುತ್ತವೆ, ವೇಣುವೆಂದರೆ ಬಿದಿರು. ಆಂಗ್ಲರು ಬರೆದ ‘ಬೆಲ್ಗಾಮ್’ ರೂಪದ ಕೊನೆಯಲ್ಲಿ ‘ಎಮ್’ ಇತ್ತು. ಅದು ಮರಾಠಿಯ ‘ಗಾಂವ್’ ಶಬ್ದದ ಮೂಗಿನ ದನಿಯನ್ನು ಹಿಡಿಯಲು ಮಾಡಿದ ಯತ್ನ. ಮುಂಬಯಿಯ ಗಿರ್ಗಾಂವ್‌ನ ಹಳೆಯ ಇಂಗ್ಲಿಷ್ ಬರಹದಲ್ಲಿಯೂ ಅದೇ ‘ಎಮ್’. ಬೇರೆ ಊರುಗಳಲ್ಲಿ ಅದೇ ‘ಗಾಂವ್’ಗೆ ‘ಎನ್’ ಬಂತು. 2014ರ ನವೆಂಬರ್ 1ರಂದು ಬೆಳಗಾವಿ ಎಂಬ ರೂಪವು ಇಂಗ್ಲಿಷಿನಲ್ಲಿಯೂ ಅಧಿಕೃತವಾಗಿ, ಆ ‘ಎಮ್’ ನಿವೃತ್ತಿ ಹೊಂದಿತು.

ಹಾಗೆಂದು ನಮ್ಮ ಬರಹದಲ್ಲಿ ಮೂಕ ಗುರುತುಗಳಿಲ್ಲವೆಂದು ಬೀಗುವಂತಿಲ್ಲ. ಆಡುಮಾತಿನಲ್ಲಿ ಎಷ್ಟೋ ಮಂದಿ ಹೇಳುವುದು ಕಾನಾಪುರವೆಂದು, ಬರೆಯುವುದು ಖಾನಾಪುರವೆಂದು. ಆ ಮಹಾಪ್ರಾಣವು ಪಾರಸಿಯ ಮೂಲಕ ಬಂದ ‘ಖಾನ್’ ಎಂಬ ಬಿರುದಿನದು. ಬಸ್ಸಿನ ಹಲಗೆಯ ಮೇಲೆ ಅದು ಇಂದಿಗೂ ಉಳಿದಿದೆ.