ಇಪ್ಪತ್ತು ಡಿಗ್ರಿಯ ಪುಸ್ತಕ, ಇಪ್ಪತ್ತಾರು ಡಿಗ್ರಿಯ ಬಾವಿ

ನನ್ನ ಮೊದಲ ನಾಲ್ಕು ಹಾಳೆ ಫಿಲ್ಮನ್ನು ಹಾಳು ಮಾಡಿದ್ದು ಬಚ್ಚಲುಮನೆಯ ಹಂಡೆ.

ಬಂಟ್ವಾಳದ ನಮ್ಮ ಹಳೆಯ ಮನೆಯಲ್ಲಿ ಕಿಟಕಿ ಇಲ್ಲದ ಕೋಣೆ ಬಚ್ಚಲೊಂದೇ. 4×5 ಇಂಚಿನ ಶೀಟ್ ಫಿಲ್ಮನ್ನು ಹೋಲ್ಡರಿಗೆ ತುಂಬಲು ಪೂರ್ತಿ ಕತ್ತಲೆ ಬೇಕು. ರಾತ್ರಿ ಊಟವಾದ ಮೇಲೆ ಬಾಗಿಲ ಸಂದಿಗೆ ಬೈರಾಸು ತುರುಕಿ, ದೀಪ ಆರಿಸಿ ಕೂತೆ. ಒಲೆಯ ಬೂದಿಯಡಿ ಸಂಜೆಯ ಕೆಂಡ ಇನ್ನೂ ಉಸಿರಾಡುತ್ತಿತ್ತು. ನನ್ನ ಕಣ್ಣಿಗೆ ಅದು ಲೆಕ್ಕಕ್ಕೇ ಬರಲಿಲ್ಲ. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿಗೆ ಮಾತ್ರ ಅಷ್ಟು ಕೆಂಪೂ ಹಗಲೇ. ತೊಳೆದಾಗ ನಾಲ್ಕೂ ಹಾಳೆಗಳ ಮೇಲೆ ಬೂದುಬಣ್ಣದ ಮಂಜು. ಹಾಳೆಯೊಂದರ ಬೆಲೆಗೆ ಬಿ.ಸಿ. ರೋಡಿನಲ್ಲಿ ಇಬ್ಬರು ಹೊಟ್ಟೆ ತುಂಬ ಉಣ್ಣಬಹುದು. ಎಂಟು ಜನರ ಊಟ ಹಂಡೆಯ ಪಾಲಾಯಿತು.

ಕತ್ತಲೆ ಬೇಕು ಎಂದು ಪುಸ್ತಕ ಹೇಳಿತ್ತು. ಕೆಂಡದ ಮಾತು ಅದರಲ್ಲಿ ಇರಲಿಲ್ಲ, ಬರೆದವನ ಬಚ್ಚಲಲ್ಲಿ ಹಂಡೆ ಇದ್ದಿರಲಾರದು. ಹಾಳೆ ಫಿಲ್ಮಿನ ದೊಡ್ಡ ಕ್ಯಾಮೆರಾದ ಈ ಹವ್ಯಾಸದಲ್ಲಿ ನಾನು ಕಲಿತ ಪಾಠಗಳೆಲ್ಲ ಹೆಚ್ಚುಕಡಿಮೆ ಇದೇ ಜಾತಿಯವು.

ಆಸೆ ಹುಟ್ಟಿದ್ದು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ. ಅಲ್ಲಿನ ಹಳೆಯ ಕ್ಯಾಮೆರಾಗಳ ಮುಂದೆ ನಿಂತಾಗ, ಬಾಲ್ಯದಲ್ಲಿ ಸ್ಟುಡಿಯೋದವರು ಕರಿಬಟ್ಟೆಯೊಳಗೆ ತಲೆ ತೂರಿಸಿ ನಮ್ಮ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದು ನೆನಪಾಯಿತು. ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ‘ವಾಗೀಶ್ವರಿ’ ಎಂಬ ಮರದ ಕ್ಯಾಮೆರಾ ಒಂದು ಕಾಲದಲ್ಲಿ ದೇಶದ ಸ್ಟುಡಿಯೋಗಳಲ್ಲೆಲ್ಲ ಹೆಸರುವಾಸಿಯಾಗಿತ್ತು. ನಮ್ಮ ಪರಿಚಯದ ಒಂದು ಮುಚ್ಚಿದ ಸ್ಟುಡಿಯೋದ ಅಟ್ಟದಲ್ಲೂ ಅಂಥದೊಂದು ಮರದ ಪೆಟ್ಟಿಗೆ ಇತ್ತು. ಮರ ಗಟ್ಟಿ, ಮುಂದಿನ ಮಡಿಕೆಚೀಲ (ಬೆಲೋಸ್) ಮಾತ್ರ ಜಿರಳೆ ತಿಂದು ಜರಡಿ. ಅದನ್ನು ಬಿಟ್ಟು ಬೆಂಗಳೂರಿನ ಹವ್ಯಾಸಿಯೊಬ್ಬರಿಂದ ಬಳಸಿದ 4×5 ಫೀಲ್ಡ್ ಕ್ಯಾಮೆರಾ, 150 ಮಿ.ಮೀ. ಲೆನ್ಸು, ಮೂರು ಹೋಲ್ಡರ್ ತಂದೆ. ಅದರ ಮಡಿಕೆಚೀಲದಲ್ಲೂ ತೂತುಗಳಿದ್ದವು. ಕತ್ತಲ ಕೋಣೆಯಲ್ಲಿ ಒಳಗಿನಿಂದ ಟಾರ್ಚು ಹಾಕಿದಾಗ ಮೂಲೆಗಳಲ್ಲಿ ನಕ್ಷತ್ರ ಮೂಡಿದವು. ಹಳೆಯ ಕ್ಯಾಮೆರಾ ಕೊಳ್ಳುವವರು ಮೊದಲು ಮಾಡಬೇಕಾದ ಕೆಲಸ ಇದೇ. ಲೆನ್ಸನ್ನೂ ಟಾರ್ಚಿಗೆ ಹಿಡಿದು ನೋಡಿ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಜಿಲ್ಲೆಯಲ್ಲಿ ಗಾಜಿನ ಮೇಲೂ ಬೂಸ್ಟು ಬೆಳೆಯುತ್ತದೆ.

ಮೊದಲ ಬಾರಿ ಹೊರಗೆ ನಿಲ್ಲಿಸಿದ್ದು ಪಾಣೆಮಂಗಳೂರಿನ ಹಳೆಯ ಕಬ್ಬಿಣದ ಸೇತುವೆಯ ಎದುರು. ಮೂರುಕಾಲಿನ ಸ್ಟ್ಯಾಂಡು, ಮೇಲೊಂದು ಪೆಟ್ಟಿಗೆ ಕಂಡದ್ದೇ ತಡ, ಪಕ್ಕದ ತೋಟದಿಂದ ಹಿರಿಯರೊಬ್ಬರು ಓಡಿಬಂದರು. “ಎಂತ, ಪುನಃ ಸರ್ವೆಯಾ? ರೋಡ್ ಇನ್ನೂ ಅಗಲ ಆಗ್ಲಿಕ್ಕುಂಟಾ?” ಬಿ.ಸಿ. ರೋಡ್–ಅಡ್ಡಹೊಳೆ ಹೆದ್ದಾರಿ ಅಗಲೀಕರಣದ ಬಿಸಿ ಕಂಡ ಊರು, ಅವರ ಗಾಬರಿ ಸಹಜ. “ಇಲ್ಲ ಮಾರಾಯ್ರೆ, ಫೋಟೋ ತೆಗೀಲಿಕ್ಕೆ” ಎಂದು ಕರಿಬಟ್ಟೆ ಎತ್ತಿ ಒಳಗೆ ಕರೆದೆ. ಹಿಂದಿನ ಮಂಜುಗಾಜಿನಲ್ಲಿ ನೇತ್ರಾವತಿ ಮೇಲೆ, ಆಕಾಶ ಕೆಳಗೆ. “ಸೇತುವೆ ಮಗುಚಿದೆಯಲ್ಲ!” ಎಂದು ಅವರು ನಗುವಷ್ಟರಲ್ಲಿ ಬೆಳಕು ಹೋಗಿತ್ತು. ಅಂದಿನಿಂದ ಸ್ಟ್ಯಾಂಡು ಬಿಚ್ಚುವ ಮೊದಲೇ ಹತ್ತಿರದ ಮನೆಗೆ ಹೋಗಿ ಹೇಳಿಬರುತ್ತೇನೆ. ಬೆಳಕು ಉಳಿಯುತ್ತದೆ, ಕೆಲವು ಸಲ ಮಜ್ಜಿಗೆಯೂ ಸಿಗುತ್ತದೆ.

ಇಷ್ಟೊಂದು ಹೊರೆ ಹೊರುವುದು ಯಾಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಮೂಡುಬಿದಿರೆಯಲ್ಲಿ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಎದುರು ಎತ್ತರದ ಮಾನಸ್ತಂಭವಿದೆ. ಮೊಬೈಲನ್ನು ಮೇಲಕ್ಕೆ ಎತ್ತಿ ಕ್ಲಿಕ್ಕಿಸಿದರೆ ಅದು ಹಿಂದಕ್ಕೆ ವಾಲಿದಂತೆ ಬರುತ್ತದೆ. ಈ ಕ್ಯಾಮೆರಾವನ್ನು ಮಟ್ಟಸವಾಗಿ ನಿಲ್ಲಿಸಿ ಲೆನ್ಸಿನ ಹಲಗೆಯನ್ನಷ್ಟೇ ಮೇಲೆ ಸರಿಸಿದರೆ, ಶಿಲ್ಪಿ ನಿಲ್ಲಿಸಿದಷ್ಟೇ ನೆಟ್ಟಗೆ ನಿಲ್ಲುತ್ತದೆ. ಬೆಳ್ತಂಗಡಿಯ ನಡ ಗ್ರಾಮದಲ್ಲಿ ಇನ್ನೊಂದು ವಿದ್ಯೆ ಕಲಿತೆ. 1794ರಲ್ಲಿ ಟಿಪ್ಪು ಜಮಾಲಾಬಾದ್ ಕೋಟೆ ಕಟ್ಟಿಸಿದ ಗಡಾಯಿಕಲ್ಲು ಮಂಜುಗಾಜಿನಲ್ಲಿ ಹಲಸಿನಕಾಯಿಯ ಹಾಗೆ ಮೇಲಿನಿಂದ ಜೋತುಬಿದ್ದಿತ್ತು. ಕಾಲಬುಡದ ಗದ್ದೆಯ ಹುಣಿಯೂ ದೂರದ ಬಂಡೆಯೂ ಒಟ್ಟಿಗೆ ಸ್ಪಷ್ಟವಾಗಬೇಕಿತ್ತು. ಲೆನ್ಸನ್ನು ಕೆಲವೇ ಡಿಗ್ರಿ ಮುಂದಕ್ಕೆ ಬಾಗಿಸಿದೆ. ಸ್ಪಷ್ಟತೆಯ ಪಾತಳಿ ಚಾಪೆಯ ಹಾಗೆ ಗದ್ದೆಯ ಮೇಲೆ ಮಲಗಿತು. ಇಷ್ಟು ಪುಸ್ತಕದಲ್ಲಿ ಬರೆದ ಹಾಗೇ ಆಯಿತು. ಬೆಳಕು ಎಲ್ಲೂ ನೆಟ್ಟಗೇ ಹರಿಯುತ್ತದೆ.

ಬೆಳಕಿನ ಅಳತೆಯಲ್ಲಿ ಮಾತ್ರ ಎರಡು ಸಲ ಎಡವಿದೆ. ಮೂಡುಬಿದಿರೆಯ ಚೌಟರ ಅರಮನೆಯ ಕಂಬದಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ ‘ನವನಾರಿ ಕುಂಜರ’ದ ಕೆತ್ತನೆ ಇದೆ. ಹತ್ತಿರದಿಂದ ತೆಗೆಯಲು ಮಡಿಕೆಚೀಲವನ್ನು 150ರಿಂದ 210 ಮಿ.ಮೀ.ವರೆಗೆ ಎಳೆದೆ. ಹಾಗೆ ಎಳೆದರೆ ಸುಮಾರು ಎರಡರಷ್ಟು ಬೆಳಕು ಕೊಡಬೇಕು: 210ನ್ನು 150ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಸಿಗುವ ಲೆಕ್ಕ ಅದು. ನಾನು ಮೀಟರು ಹೇಳಿದಷ್ಟೇ ಕೊಟ್ಟೆ. ಆನೆ ಕತ್ತಲಲ್ಲೇ ಉಳಿಯಿತು. ಬಸದಿಯ ಕಂಬಗಳ ನಡುವೆ, ಕಚೇರಿಯ ಒಪ್ಪಿಗೆ ಪಡೆದು, ಮೀಟರು ತೋರಿದ 10 ಸೆಕೆಂಡು ಕೊಟ್ಟೆ. ನೆಗೆಟಿವ್ ಹೆಚ್ಚುಕಡಿಮೆ ಬರೀ ಗಾಜು. ಮಂದ ಬೆಳಕಿನಲ್ಲಿ ಫಿಲ್ಮು ಸೋಮಾರಿಯಾಗುತ್ತದೆ. ನಾನು ಬಳಸುವ ಫೋಮಾಪ್ಯಾನ್ 100ಕ್ಕೆ 10 ಸೆಕೆಂಡಿನ ಜಾಗದಲ್ಲಿ 80 ಬೇಕೆಂದು ತಯಾರಕರ ಪಟ್ಟಿಯೇ ಹೇಳುತ್ತದೆ. ಮರುವಾರ 80 ಎಣಿಸಿದೆ. ನಡೆದಾಡಿದವರೆಲ್ಲ ಮಾಯ. ಜಗಲಿಯಲ್ಲಿ ಕಂಬಕ್ಕೊರಗಿ ಕೂತಿದ್ದ ಅಜ್ಜ ಮಾತ್ರ ಉಳಿದಿದ್ದರು.

ನಿಜವಾದ ಜಗಳ ಆದದ್ದು ನೀರಿನ ಜೊತೆ. ಪುಸ್ತಕಗಳೆಲ್ಲ ಫಿಲ್ಮು ತೊಳೆಯುವ ಲೆಕ್ಕ ಹೇಳುವುದು 20 ಡಿಗ್ರಿಗೆ. ನಮ್ಮ ಬಾವಿಯ ನೀರು ಬೆಳಗಿನ ಜಾವಕ್ಕೂ 26. ಮೊದಲ ಬೇಸಗೆಯಲ್ಲಿ ಡೆವಲಪರಿನ ಟ್ರೇಯ ಸುತ್ತ ಐಸ್ ತುಂಬಿ 20ಕ್ಕೆ ಇಳಿಸಿದೆ. ಆಮೇಲೆ ಹಾಳೆಯನ್ನು ಬಾವಿ ನೀರಿಗೆ ಹಾಕಿದೆ. ತಣ್ಣಗಿದ್ದ ಜೆಲಾಟಿನ್ ಪದರ ಬೆಚ್ಚಗಿನ ನೀರಿಗೆ ಬೆಚ್ಚಿ ನೆರಿಗೆಗಟ್ಟಿತು, ಗಡಾಯಿಕಲ್ಲಿನ ಮೇಲಿನ ಆಕಾಶ ಒಣಗಿದ ಕೆರೆಯ ತಳದಂತಾಯಿತು. ತಪ್ಪು ಬಿಸಿಯದ್ದಲ್ಲ, ಏರುಪೇರಿನದ್ದು. ಈಗ ಎಲ್ಲ ಟ್ರೇಗಳನ್ನೂ 26ರಲ್ಲೇ ಇಡುತ್ತೇನೆ. 20 ಡಿಗ್ರಿಯಲ್ಲಿ 11 ನಿಮಿಷ ಬೇಕಿದ್ದಲ್ಲಿ ಇಲ್ಲಿ ಸುಮಾರು ಆರು ಸಾಕು. ಸಮಯ ಐದಕ್ಕಿಂತ ಕೆಳಗೆ ಹೋದರೆ ಕಲೆಕಲೆಯಾಗುತ್ತದೆ, ಆಗ ಡೆವಲಪರನ್ನು ಇನ್ನಷ್ಟು ತೆಳ್ಳಗೆ ಮಾಡಬೇಕು.

ಸೆಕೆಯೂ ಪಾಠ ಕಲಿಸಿತು. ಕೈ ತೂರಿಸಿ ಫಿಲ್ಮು ತುಂಬುವ ಕರಿಚೀಲದೊಳಗೆ ಏಪ್ರಿಲಿನಲ್ಲಿ ಐದು ನಿಮಿಷಕ್ಕೇ ಬೆವರಿಳಿದು, ಹಾಳೆಯ ಮೇಲೆ ಬೆರಳಚ್ಚು ಕೂರುತ್ತದೆ. ಹಾಗಾಗಿ ರಾತ್ರಿಯ ಬಚ್ಚಲೇ ಗತಿ. ಫ್ರಿಜ್ಜಿನಲ್ಲಿಟ್ಟ ಫಿಲ್ಮಿನ ಪೆಟ್ಟಿಗೆಯನ್ನು ಹಿಂದಿನ ದಿನವೇ ಹೊರಗಿಡಬೇಕು, ಇಲ್ಲವಾದರೆ ತೆರೆದ ಕೂಡಲೇ ಹಾಳೆಗೆ ಇಬ್ಬನಿ.

ಕಲಿಯುವವರಿಗೆ ಇಷ್ಟು ದುಬಾರಿ ಹಾಳೆ ಬೇಡ ಎಂದು ಹೊಳೆಯಲು ಒಂದು ವರ್ಷ ಹಿಡಿಯಿತು. ಮಂಗಳೂರಿನಲ್ಲಿ ಆಸ್ಪತ್ರೆ ಸಾಮಾನಿನ ಅಂಗಡಿಯಿಂದ ಎಕ್ಸ್‌ರೇ ಫಿಲ್ಮು ತಂದೆ. 8×10 ಹಾಳೆ ಕತ್ತರಿಸಿದರೆ ನಾಲ್ಕು 4×5. ಎರಡೂ ಬದಿ ಲೇಪ ಇರುವುದರಿಂದ ಉಗುರು ತಾಗಿದರೂ ಗೀರು, ಟ್ರೇಯ ತಳಕ್ಕೆ ಗಾಜಿನ ಹಾಳೆ ಹಾಕಬೇಕು. ಈ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ. ನಮ್ಮೂರಿನ ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಹಣೆಯ ಕುಂಕುಮ ಎಲ್ಲ ಕಪ್ಪು. ನೀಲಿ ಆಕಾಶ ಬೆಳ್ಳಗೆ. ಹಳೆಯ ಫೋಟೋಗಳ ಆಕಾಶವೂ ಹೀಗೇ. ಪಿಗೂ, ನೀಲ್, ಬಿಗ್ಸ್ ಎಂಬ ಛಾಯಾಗ್ರಾಹಕರು ತೆಗೆದ ಚಿತ್ರಗಳಿಂದ 1866ರಲ್ಲಿ ಧಾರವಾಡ–ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಪುಸ್ತಕವೇ ಬಂತು. ಆ ಕಾಲದ ಫೋಟೋಗಳಲ್ಲಿ ಆಕಾಶ ಖಾಲಿ ಇರುವುದೂ ನೀಲಿಯನ್ನು ಮಾತ್ರ ಬೇಗ ಹೀರುವ ರಸಾಯನದಿಂದಲೇ.

ಕೆಂಪು ಕಾಣದ ಫಿಲ್ಮಿಗೆ ಕೆಂಡದ ಭಯವೂ ಇಲ್ಲವಲ್ಲ! ಮೊದಲ ಎಕ್ಸ್‌ರೇ ಹಾಳೆಯನ್ನು ಒಲೆ ಆರಿಸದೆ ಅದೇ ಬಚ್ಚಲಲ್ಲಿ ತೊಳೆದೆ. ಕೆಂಡದ ಮಂದ ಬೆಳಕಿನಲ್ಲಿ ಪಾಣೆಮಂಗಳೂರಿನ ಸೇತುವೆ ಟ್ರೇಯಲ್ಲಿ ನಿಧಾನವಾಗಿ ಮೂಡುವುದನ್ನು ಕಣ್ಣಾರೆ ಕಂಡೆ. ಮಂಜಿನ ಸುಳಿವೇ ಇರಲಿಲ್ಲ. ನಾಲ್ಕು ಹಾಳೆ ತಿಂದ ಹಂಡೆಯೊಲೆಯೇ ನನ್ನ ಡಾರ್ಕ್‌ರೂಮಿನ ದೀಪವಾಯಿತು.

ಈಗ ನನ್ನ ಪುಸ್ತಕದ ಅಂಚುಗಳ ತುಂಬ ಪೆನ್ಸಿಲ್ ಗುರುತು. 20 ಹೊಡೆದು 26, ಕರಿಚೀಲ ಹೊಡೆದು ಬಚ್ಚಲು. ಈಚೆಗೆ ಅಮ್ಮನೂ ಸಂಜೆ ಕಟ್ಟಿಗೆ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತು ಮೊದಲು ಕೇಳುತ್ತಾರೆ: “ಇವತ್ತು ಯಾವ ಫಿಲ್ಮು? ಒಲೆಗೆ ಬೆಂಕಿ ಹಾಕಬಹುದಾ?”