ಹಬ್ಬದ ರೋಸ್ಟ್‌ಗೆ ಕೆಂಡ ಒಂದು ಬದಿಗಿರಲಿ

ಅಮೆರಿಕದಲ್ಲಿ ಕ್ರಿಸ್‌ಮಸ್ ಊಟಕ್ಕೆ ಮೂಳೆಸಹಿತ ಪಕ್ಕೆಲುಬಿನ ದೊಡ್ಡ ಬೀಫ್ ರೋಸ್ಟ್ ಮಾಡುವ ಮನೆಗಳು ಬಹಳ. ಓವನ್ ಕೇಕು, ಆಲೂಗಡ್ಡೆಗೆ ಮೀಸಲಾದಾಗ ಹಿತ್ತಲಿನ ಇದ್ದಿಲಿನ ಗ್ರಿಲ್ ನೆರವಿಗೆ ಬರುತ್ತದೆ. ಈ ಸಲ ನೀವೂ ಅದಕ್ಕೆ ಕೈಹಾಕುವುದಾದರೆ, ದುಬಾರಿ ಮಾಂಸ ಕೆಡದಿರಲಿ ಎಂದು ಈ ಮಾತು.

ಹಿಂದಿನ ದಿನವೇ ಎಲ್ಲ ಕಡೆ ಉಪ್ಪು ಸವರಿ, ಮುಚ್ಚದೆ ಫ್ರಿಜ್ಜಿನಲ್ಲಿಡಿ.

ಮುಖ್ಯವಾದದ್ದು ಕೆಂಡದ ಜಾಗ. ಕೆಂಡವನ್ನೆಲ್ಲ ಒಂದು ಬದಿಗೆ ಸರಿಸಿ, ಮಾಂಸವನ್ನು ಇನ್ನೊಂದು ಬದಿಗಿಡಿ. ಅದರ ಕೆಳಗೊಂದು ತಟ್ಟೆಯಿದ್ದರೆ ಕರಗಿದ ಕೊಬ್ಬು ಅದರಲ್ಲೇ ಬೀಳುತ್ತದೆ, ಬೆಂಕಿ ಭುಗಿಲೇಳುವುದಿಲ್ಲ. ಗಾಳಿಕಿಂಡಿಗಳನ್ನು ಹೊಂದಿಸಿ ಒಳಗಿನ ಶಾಖವನ್ನು 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲಿಸಿ. ಮುಚ್ಚಳವನ್ನು ಪದೇಪದೇ ತೆಗೆಯಬೇಡಿ. ಡಿಸೆಂಬರಿನ ಚಳಿಯಲ್ಲಿ ಹೋದ ಶಾಖ ಬೇಗ ಮರಳದು. ಇದ್ದಿಲನ್ನೂ ಬೇಸಿಗೆಗಿಂತ ಹೆಚ್ಚೇ ತಂದಿಟ್ಟುಕೊಳ್ಳಿ.

ಬೆಂದಿದೆಯೇ ಎಂದು ಗಡಿಯಾರ ನೋಡಿ ತೀರ್ಮಾನಿಸುವುದಕ್ಕಿಂತ ಒಂದು ಥರ್ಮಾಮೀಟರ್ ಕೊಳ್ಳುವುದೇ ಮೇಲು. ಮೂಳೆಗೆ ತಾಗದಂತೆ ನಡುಭಾಗಕ್ಕೆ ಚುಚ್ಚಿ. ಒಳಗೆ ನಸುಗೆಂಪು ಇಷ್ಟಪಡುವವರು ಸುಮಾರು 52 ಡಿಗ್ರಿಗೇ ತೆಗೆಯುತ್ತಾರೆ. ಆದರೆ ಅಮೆರಿಕದ ಕೃಷಿ ಇಲಾಖೆ ಹೇಳುವ ಸುರಕ್ಷಿತ ಮಟ್ಟ 63 ಡಿಗ್ರಿ, ಆಮೇಲೆ ಕನಿಷ್ಠ 3 ನಿಮಿಷದ ವಿರಾಮ. ಗರ್ಭಿಣಿಯರು, ವೃದ್ಧರು, ಚಿಕ್ಕ ಮಕ್ಕಳು ಊಟಕ್ಕಿದ್ದರೆ ಇದನ್ನೇ ಪಾಲಿಸಿ. ಕೊನೆಯಲ್ಲಿ ಕೆಂಡದ ಮೇಲೆಯೇ ಒಂದೆರಡು ನಿಮಿಷ ಹೊರಳಿಸಿ ಹೊರಮೈ ಕಂದಾಗಿಸಿ, 20 ನಿಮಿಷ ಬಿಟ್ಟು ಕೊಯ್ಯಿರಿ.

ಮಳೆ, ಹಿಮ ಎಂದು ಗ್ರಿಲ್ಲನ್ನು ಗ್ಯಾರೇಜಿನೊಳಗೆ ಮಾತ್ರ ತರಲೇಬೇಡಿ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ; ಬಾಗಿಲು ತೆರೆದಿಟ್ಟರೂ ಅದು ಪ್ರಾಣ ತೆಗೆಯಬಲ್ಲದು.