ನಗು, ಗ್ರೂಪಿಗೆ ಮಾತ್ರ ಹಾಕಬ್ಯಾಡ

ತಮ್ಮಾ, ತೊಗರಿ ಬೆಳೆಹಾನಿ ಬಗ್ಗೆ ಬಂದ ಮೇಲ್‌ನ್ಯಾಗ ‘ಪರಿಹಾರ ದನ ಬಿಡುಗಡೆ ಮಾಡಲಾಗಿದೆ’ ಅಂತಿದ್ದರ ನಗು ಬರೋದೇ. ಚಿಂಚೋಳಿ ರೈತರ ಮನೆಮುಂದ ತಹಶೀಲ್ದಾರರೇ ದನ ಹೊಡಕೊಂಡು ಬಂದು ಕಟ್ಟಿದಂಗ ಕಾಣ್ತದ. ಹೊಟ್ಟಿ ಹುಣ್ಣಾಗೋ ಹಂಗ ನಗು, ಯಾರು ಬ್ಯಾಡಂತಾರ? ಅದರ ಫೋಟೊ ಹೊಡದು ಗ್ರೂಪಿಗೆ ಹಾಕೋದಷ್ಟು ಬಿಡು.

ನುಡಿ ಕೀಲಿಮಣಿಯೊಳಗ ದ, ಧ ಎರಡಕ್ಕೂ ಒಂದೇ ಗುಂಡಿ. ಶಿಫ್ಟ್ ಒತ್ತಲಿಲ್ಲಂದ್ರ ಧನ ಹೋಗಿ ದನ ಆಗ್ತದ. ಐದರೊಳಗ ವರದಿ ಬೇಕಂತ ಮ್ಯಾಲಿನವರು ಫೋನ್ ಮ್ಯಾಲ ಫೋನ್ ಮಾಡುವಾಗ ಯಾರ ಕಿರುಬೆರಳು ನೆಟ್ಟಗಿರ್ತದ?

ಮತ್ತ ನಮ್ಮ ಕಡಿ ಆಫೀಸಿನ್ಯಾಗ ಕುಂತವರೆಲ್ಲ ಮನ್ಯಾಗ ಕನ್ನಡ ಆಡಿ ಬೆಳೆದವರಲ್ಲ. ಚಿಂಚೋಳಿ ತಾಂಡಾದ ಹುಡುಗನಿಗೆ ಲಂಬಾಣಿ, ಸೇಡಂ ಗಡಿಯವನಿಗೆ ತೆಲುಗು, ಚಿತ್ತಾಪುರ, ಶಹಾಬಾದಿನ ಎಷ್ಟೋ ಮನಿಗಳಾಗ ಉರ್ದು. ವಾಡಿ ಜಂಕ್ಷನ್ನಿನ ಮಾತಂತೂ ಕೇಳಲೇಬ್ಯಾಡ. 1948ರ ತನಕ ನಿಜಾಮನ ಕಚೇರಿ ನಡೆದದ್ದೇ ಉರ್ದುವಿನ್ಯಾಗ. ದಫ್ತರ, ಹಾಜರಿ ಇನ್ನೂ ನಮ್ಮ ಬಾಯಾಗ ಅವ. ಇಂಥಾ ನೆಲದಾಗ ಮಹಾಪ್ರಾಣ ಒಂದು ಬಿಟ್ಟವನನ್ನ ದಡ್ಡ ಅನ್ನೋದು ನನಗ ಸರಿ ಕಾಣಂಗಿಲ್ಲ.

ಸಿಮೆಂಟಿಗೆ ಹೆಸರಾದ ನಮ್ಮ ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಾಗ ನೃಪತುಂಗನ ಆಸ್ಥಾನದ ಶ್ರೀವಿಜಯ ಬರೆದ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದ ಇರೋದೇ ದೋಷ, ಅದೋಷಗಳ ಮ್ಯಾಲ. ತಪ್ಪು ಹುಡುಕೋ ಚಟ ಈ ಮಣ್ಣಿಗೆ ಹಳೇದು, ಖರೆ. ಆದರ ಯಾವುದು ತಪ್ಪಲ್ಲ ಅನ್ನೋದನ್ನೂ ಆತ ಅಲ್ಲೇ ವಿಚಾರ ಮಾಡ್ಯಾನ.

‘ಸಬೆ’ ಅಂತ ಬರೆದರೂ ಜನ ಸಭೆಗೆ ಬರ್ತಾರ. ಆದರ ಸರ್ವೆ ನಂಬರ್ 112 ಹೋಗಿ 121 ಆದರ ಒಬ್ಬರ ಪರಿಹಾರ ಇನ್ನೊಬ್ಬರ ಖಾತೆಗೆ ಹೋದೀತು. ಪಹಣಿಯ ಹೆಸರು ಆಧಾರಿನ ಹೆಸರಿಗೆ ಕೂಡಲಿಲ್ಲಂದ್ರ ರೈತ ಬಸ್ ಖರ್ಚು ಹಾಕಿಕೊಂಡು ತಿರುಗಬೇಕು. ಇಂಥಾ ತಪ್ಪಿಗೆ ಯಾರೂ ನಗಂಗಿಲ್ಲ, ಯಾಕಂದ್ರ ಅದು ಕಣ್ಣಿಗೇ ಬೀಳಂಗಿಲ್ಲ. ನಿನ್ನ ಕಣ್ಣು ಅಷ್ಟು ಚುರುಕಿದ್ದರ ಮೊದಲು ಅಂಕಿ ನೋಡು, ಆಮ್ಯಾಲ ಹೆಸರು, ಕಡೀಗೆ ಕಾಗುಣಿತ.

ದನ ಬಿಡುಗಡೆ ಮಾಡಿದವನಿಗೆ ಎಲ್ಲರಿಗೂ ಹೋಗೋ ಹಂಗ ಉತ್ತರ ಕಳಸಬ್ಯಾಡ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಪಕ್ಕಕ್ಕ ಕರದು ಹೇಳು. ಸಂಜಿಯೊಳಗ ತಿದ್ದಿದ ಮೇಲ್ ಹೋಗ್ತದ. ಹುಡುಗ ಚಾಲಾಕಿದ್ದರ, ‘ನಿಮ್ಮ ಪಾಲಿಗೆ ಎಷ್ಟು ದನ ಬರಕೊಳ್ಳಲಿ ಸಾಹೇಬ್ರ?’ ಅಂತ ಅವನೇ ಕೇಳ್ಯಾನು.